ನರಿಯ ಬಾಯಲ್ಲಿನ ಮಣಿ: ಕೊರಿಯಾದ ಜನಪದ ಕಥೆಯಿಂದ ಪ್ರೇಮ ಕಾದಂಬರಿ ಕಟ್ಟುವುದು ಹೇಗೆ?

ಮೂರು ವರ್ಷದ ಹಿಂದೆ ಒಂದು ಕೊರಿಯನ್ ಫ್ಯಾಂಟಸಿ ಬರೆಯಲು ಕೂತೆ. ಕಾಲ ಶಿಲ್ಲಾ ಎಂಬ ಹಳೆಯ ಕೊರಿಯನ್ ರಾಜ್ಯದ್ದು. ಒಂಬತ್ತು ಬಾಲದ ನರಿ ಇತ್ತು. ಬೆಟ್ಟದ ಮೇಲೆ ಕೆಂಪು ಕಂಬದ ಕಮಾನು ಇದ್ದ ಗುಡಿ ಇತ್ತು. ನಾಯಕ ನಾಯಕಿಗೆ ಕೆಂಪಗೆ ಖಾರದ ಕಿಮ್ಚಿ, ಅಂದರೆ ಅಲ್ಲಿನ ತರಕಾರಿ ಉಪ್ಪಿನಕಾಯಿ, ತಿನ್ನಿಸುತ್ತಿದ್ದ. ಅಕ್ಕನ ಮಗಳಿಗೆ ಓದಲು ಕೊಟ್ಟೆ. ಅವಳು ಕೆ-ಡ್ರಾಮಾಗಳನ್ನು, ಅಂದರೆ ಕೊರಿಯನ್ ಟಿವಿ ಧಾರಾವಾಹಿಗಳನ್ನು, ಅರೆದು ಕುಡಿದವಳು. ನಾಲ್ಕನೇ ಪುಟಕ್ಕೆ ತಲೆ ಎತ್ತಿ, "ಚಿಕ್ಕಮ್ಮ, ಈ ಗುಡಿ ಜಪಾನಿನದ್ದು ಅಲ್ವಾ? ಆ ಕಾಲಕ್ಕೆ ಮೆಣಸಿನಕಾಯಿ ಎಲ್ಲಿಂದ ಬಂತು?" ಅಂದಳು.

ಎರಡೂ ನಿಜ. ಆದರೆ ಅವಳು ಹೇಳದೇ ಬಿಟ್ಟ ಮೂರನೆಯ ತಪ್ಪೇ ದೊಡ್ಡದು. ನನ್ನ ನಾಯಕಿಯ ಒಂಬತ್ತು ಬಾಲ ಕಿತ್ತು ಹಾಕಿದರೂ ಕಥೆ ಹಾಗೇ ಓಡುತ್ತಿತ್ತು. ಕೊರಿಯಾದಿಂದ ವೇಷ ತಂದಿದ್ದೆ, ಷರತ್ತು ತಂದಿರಲಿಲ್ಲ. ಅಲ್ಲಿನ ಕಥೆಗಳಲ್ಲಿ ಪ್ರೀತಿ ಹುಟ್ಟುವುದೂ ಮುರಿಯುವುದೂ ಷರತ್ತಿನಲ್ಲಿ. ಇಷ್ಟು ದಿನ ಇದನ್ನು ತಿನ್ನಬಾರದು, ಇದನ್ನು ಸುಡಬಾರದು, ಇದನ್ನು ನೋಡಬಾರದು. ಇದು ಅರ್ಥವಾದ ಮೇಲೆ ಮೊದಲಿಂದ ಬರೆದೆ. ಆಗ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಒಂದೇ ಕಥೆ ಹಿಡಿಯಿರಿ

ನರಿಯೂ ಬೇಕು, ಡ್ರ್ಯಾಗನ್ನೂ ಬೇಕು, ಯಮದೂತನೂ ಬೇಕು ಅಂತ ಹೊರಟರೆ ಸಂತೆಯಾಗುತ್ತದೆ. ಒಂದು ಕಥೆ ಆರಿಸಿ, ಅದರ ಎರಡು ಮೂರು ಪಾಠಾಂತರಗಳನ್ನು ಓದಿ. ಕೊರಿಯಾದ ರಾಷ್ಟ್ರೀಯ ಜಾನಪದ ವಸ್ತುಸಂಗ್ರಹಾಲಯದವರು ಮಾಡಿದ ವಿಶ್ವಕೋಶ ಇಂಗ್ಲಿಷಿನಲ್ಲಿ ಆನ್‌ಲೈನ್ ಸಿಗುತ್ತದೆ, ಪುಕ್ಕಟೆ. ಡ್ರಾಮಾ ನೋಡಿ ಕಲಿಯುವುದಕ್ಕಿಂತ ಅದು ಮೇಲು. ಡ್ರಾಮಾದವರು ಆಗಲೇ ಒಂದು ಸಲ ಬದಲಿಸಿಬಿಟ್ಟಿರುತ್ತಾರೆ, ನೀವು ಬದಲಾದದ್ದನ್ನೇ ಮತ್ತೆ ಬದಲಿಸುತ್ತೀರಿ.

ಇನ್ನೊಂದು ದೊಡ್ಡ ಗಣಿ 13ನೇ ಶತಮಾನದಲ್ಲಿ ಇರ್‌ಯೊನ್ ಎಂಬ ಬೌದ್ಧ ಭಿಕ್ಷು ಸೇರಿಸಿಟ್ಟ 'ಸಮ್‌ಗುಕ್ ಯುಸಾ'. ಅದರಲ್ಲಿರುವ ಒಂದು ಕಥೆ ಕೇಳಿ. ಶಿಲ್ಲಾದ ರಾಜ ಜಿಂಜಿ, ದೋಹ್ವಾ ಎಂಬ ಚೆಲುವೆಗೆ ಮನಸೋಲುತ್ತಾನೆ. ಅವಳು, ಗಂಡ ಇರುವಾಗ ಆಗದು ಅನ್ನುತ್ತಾಳೆ. ಗಂಡ ಇಲ್ಲದಿದ್ದರೆ? ಆಗ ಆಗಬಹುದು. ರಾಜನೇ ಮೊದಲು ಸಾಯುತ್ತಾನೆ. ಎರಡು ವರ್ಷಕ್ಕೆ ಅವಳ ಗಂಡನೂ ಸಾಯುತ್ತಾನೆ. ಹತ್ತು ದಿನ ಕಳೆದ ಮೇಲೆ ಒಂದು ರಾತ್ರಿ ಸತ್ತ ರಾಜ ಬಾಗಿಲಿಗೆ ಬಂದು, ಅವತ್ತು ಮಾತು ಕೊಟ್ಟಿದ್ದೆಯಲ್ಲ ಅನ್ನುತ್ತಾನೆ. ಏಳು ದಿನ ಇದ್ದು ಮಾಯವಾಗುತ್ತಾನೆ. ಅವರಿಗೆ ಹುಟ್ಟಿದ ಮಗ ಬಿಹ್ಯೊಂಗ್, ರಾತ್ರಿಯೆಲ್ಲ ಪಿಶಾಚಿಗಳ ಜೊತೆ ಆಡುತ್ತಾನೆ, ಅವುಗಳ ಕೈಯಲ್ಲಿ ಒಂದೇ ರಾತ್ರಿಗೆ ಸೇತುವೆ ಕಟ್ಟಿಸುತ್ತಾನೆ. ಅರ್ಧ ಮನುಷ್ಯ, ಅರ್ಧ ನೆರಳು, ಹರೆಯದ ಹುಡುಗ. ನಾಯಕನನ್ನು ಬೇರೆ ಎಲ್ಲಿ ಹುಡುಕುತ್ತೀರಿ?

ಎರಡನೆಯ ಹೆಜ್ಜೆ: ಷರತ್ತು ಎಲ್ಲಿದೆ ನೋಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಕೊರಿಯಾದ ಮೂಲಪುರುಷ ದಾಂಗುನ್‌ನ ಕಥೆ ಶುರುವಾಗುವುದೇ ಷರತ್ತಿನಿಂದ. ಒಂದು ಕರಡಿ, ಒಂದು ಹುಲಿ. ಎರಡಕ್ಕೂ ಮನುಷ್ಯರಾಗುವ ಆಸೆ. ಸ್ವರ್ಗದಿಂದ ಇಳಿದ ಹ್ವಾನುಂಗ್ ಅವುಗಳಿಗೆ ಒಂದು ಕಟ್ಟು ಕಹಿ ಸೊಪ್ಪು, ಇಪ್ಪತ್ತು ಎಸಳು ಬೆಳ್ಳುಳ್ಳಿ ಕೊಡುತ್ತಾನೆ. ಸೊಪ್ಪು ನಮ್ಮ ಮಾಚಿಪತ್ರೆಯ ಜಾತಿಯದ್ದು. ಇಷ್ಟನ್ನೇ ತಿಂದು 100 ದಿನ ಬಿಸಿಲು ನೋಡದೆ ಗುಹೆಯಲ್ಲಿರಿ ಅನ್ನುತ್ತಾನೆ. ಕರಡಿ 21ನೇ ದಿನಕ್ಕೇ ಹೆಣ್ಣಾಗುತ್ತದೆ. ಹುಲಿಗೆ ತಡೆಯಲಾಗದೆ ಸೋಲುತ್ತದೆ. ಹೆಣ್ಣಾದ ಕರಡಿಯನ್ನು ಮದುವೆಯಾಗುವವರಿಲ್ಲ. ಅವಳು ಪವಿತ್ರ ಮರದ ಕೆಳಗೆ ಮಗು ಬೇಕೆಂದು ಬೇಡುತ್ತಾಳೆ. ಹ್ವಾನುಂಗ್ ತಾನೇ ಮನುಷ್ಯರೂಪ ತಾಳಿ ಕೈಹಿಡಿಯುತ್ತಾನೆ. ಅವರ ಮಗ ದಾಂಗುನ್. ಅವನ ಹೆಸರಿನಲ್ಲಿ ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 3ಕ್ಕೆ ಈಗಲೂ ಸರ್ಕಾರಿ ರಜೆ.

ಎಲ್ಲರೂ ಕರಡಿಯ ಹಿಂದೆ ಹೋಗುತ್ತಾರೆ. ನೀವು ಹುಲಿಯ ಹಿಂದೆ ಹೋಗಿ. ಗುಹೆಯಿಂದ ಹೊರಬಿದ್ದ ಮೇಲೆ ಅದು ಏನಾಯಿತು? ಕಥೆ ಹೇಳುವುದಿಲ್ಲ. ಹಳೆಯ ಕಥೆ ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೋ ಅಲ್ಲಿ ನಿಮ್ಮ ಕಾದಂಬರಿಗೆ ಜಾಗ ಇರುತ್ತದೆ.

ಈಗ ನರಿ. ಗುಮಿಹೊ ಅಂದರೆ ಒಂಬತ್ತು ಬಾಲದ ನರಿ. ನಮ್ಮ ಮಕ್ಕಳ ಕಥೆಗಳ ನರಿ ಠಕ್ಕ, ನೀಲಿ ತೊಟ್ಟಿಗೆ ಬಿದ್ದು ನಗೆಪಾಟಲಾಗುವವನು. ಅಲ್ಲಿನ ನರಿ ಹಾಗಲ್ಲ, ಅದು ಲಿವರ್ ತಿನ್ನುತ್ತದೆ. ಹಳೆಯ ಕಥೆಗಳಲ್ಲಿ ಅದರ ಮೇಲೆ ಕರುಣೆಯೂ ಕಡಿಮೆ. ಪ್ರೀತಿಗಾಗಿ ಕೊರಗುವ ನರಿ ಹೆಚ್ಚಾಗಿ ಈಚಿನ ಟಿವಿಯ ಕೂಸು. ಆದರೂ ಒಂದು ಹಳೆಯ ಕಥೆ ಇದೆ, ನನಗೆ ತುಂಬ ಇಷ್ಟವಾದದ್ದು. ಒಬ್ಬ ಹುಡುಗ ದಿನಾ ಬೆಟ್ಟ ದಾಟಿ ಪಾಠಕ್ಕೆ ಹೋಗುತ್ತಾನೆ. ದಾರಿಯಲ್ಲಿ ಒಬ್ಬಳು ಸಿಗುತ್ತಾಳೆ, ಮುತ್ತಿಡುತ್ತಾಳೆ. ಅವಳ ಬಾಯಲ್ಲಿ ಒಂದು ಮಣಿ. ಮುತ್ತಿಡುವಾಗ ಅದು ಇವನ ಬಾಯಿಗೆ ಬಂದು ಮತ್ತೆ ಅವಳ ಬಾಯಿಗೆ ಹೋಗುತ್ತದೆ. ಹುಡುಗ ದಿನದಿನಕ್ಕೆ ಬಡಕಲಾಗುತ್ತಾನೆ. ಮೇಷ್ಟ್ರು ಗಮನಿಸಿ, "ಅದು ನರಿ. ನಾಳೆ ಮಣಿ ನುಂಗಿಬಿಡು. ನುಂಗಿದ ಕೂಡಲೇ ಆಕಾಶ ನೋಡು, ಆಮೇಲೆ ನೆಲ ನೋಡು" ಅನ್ನುತ್ತಾರೆ. ಹುಡುಗ ನುಂಗುತ್ತಾನೆ. ಗಾಬರಿಯಲ್ಲಿ ಎಡವಿ ಬಿದ್ದು ನೆಲವನ್ನಷ್ಟೇ ನೋಡುತ್ತಾನೆ. ಹಾಗಾಗಿ ಅವನಿಗೆ ಭೂಮಿಯ ವಿದ್ಯೆಯೆಲ್ಲ ಬಂತು, ಆಕಾಶದ್ದು ಬರಲೇ ಇಲ್ಲ.

ಇದರಲ್ಲಿ ಏನೇನಿದೆ ನೋಡಿ. ಮುತ್ತು ಕೊಟ್ಟವಳು ಸಾಯಿಸುತ್ತಿದ್ದಾಳೆ. ಬದುಕಬೇಕಾದರೆ ಅವನು ಅವಳ ಜೀವವನ್ನೇ ನುಂಗಬೇಕು. ಅವಳು ಮಣಿಯನ್ನು ಬೇಕೆಂದೇ ಬಿಟ್ಟುಕೊಟ್ಟಿದ್ದರೆ? ಅವನು ಆಕಾಶ ನೋಡದೆ ಅವಳನ್ನೇ ನೋಡಿದ್ದರೆ?

ಹಾವು ಗಂಡನ ಕಥೆ ನಮ್ಮ ಅಜ್ಜಿಯರ ಬಾಯಲ್ಲೂ ಇದೆ, ಅಲ್ಲೂ ಇದೆ. ಮುದುಕಿಗೆ ಹಾವು ಹುಟ್ಟುತ್ತದೆ. ಪಕ್ಕದ ಮನೆಯ ಮೂವರು ಹುಡುಗಿಯರಲ್ಲಿ ಕಿರಿಯವಳು ಮಾತ್ರ ಮದುವೆಗೆ ಒಪ್ಪುತ್ತಾಳೆ. ಹಾವು ಪೊರೆ ಕಳಚಿ ಚೆಲುವ ಯುವಕನಾಗುತ್ತಾನೆ, ಪೊರೆಯನ್ನು ಜೋಪಾನ ಮಾಡು ಅನ್ನುತ್ತಾನೆ. ಅಕ್ಕಂದಿರು ಹೊಟ್ಟೆಕಿಚ್ಚಿಗೆ ಸುಟ್ಟುಬಿಡುತ್ತಾರೆ. ವಾಸನೆ ಅವನಿಗೆ ಮುಟ್ಟುತ್ತದೆ, ಅವನು ಮನೆಗೆ ಬರುವುದೇ ಇಲ್ಲ. ಅಲ್ಲಿಂದ ಅವಳ ಅಲೆದಾಟ. ದಾರಿ ತೋರಿಸುವವರೆಲ್ಲ ಕೂಲಿ ಕೇಳುತ್ತಾರೆ. ಹೊಲ ಉಳು, ಕಪ್ಪು ಬಟ್ಟೆ ಬಿಳಿಯಾಗುವಂತೆ ಒಗೆ. ಕೊನೆಗೆ ಹುಲಿಯ ಹುಬ್ಬು ತರಬೇಕು. ನಾಯಕಿಯ ಪ್ರಯಾಣಕ್ಕೆ ಬೇರೆ ನಕ್ಷೆ ಬೇಕಾಗಿಲ್ಲ.

ಇಮುಗಿಯ ಕಥೆಯೂ ಹೀಗೇ. ಸಾವಿರ ವರ್ಷ ಕಾದ ದೊಡ್ಡ ಹಾವು ಡ್ರ್ಯಾಗನ್ ಆಗಿ ಮೇಲೇರುವ ಹೊತ್ತಿಗೆ ನೋಡಿದವರು "ಅಯ್ಯೋ ಹಾವು" ಅಂದರೆ ಕೆಲಸ ಕೆಟ್ಟಿತು. "ಡ್ರ್ಯಾಗನ್" ಅನ್ನಬೇಕು. ಒಂದು ಮಾತಿನ ಮೇಲೆ ಸಾವಿರ ವರ್ಷ ನಿಂತಿದೆ.

ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ಕಥೆಯನ್ನು ಈ ಅಚ್ಚಿನಲ್ಲಿ ಬರೆಯಿರಿ: "ಇವಳು ಇಂಥದ್ದನ್ನು ಮಾಡಬಾರದು. ಮಾಡಿದರೆ ಇದು ಕಳೆದುಹೋಗುತ್ತದೆ. ಆದರೆ ಅವನನ್ನು ಉಳಿಸಬೇಕಾದರೆ ಅದನ್ನೇ ಮಾಡಬೇಕು." ಮೂರನೆಯ ವಾಕ್ಯ ಬರೆಯಲು ಆಗದಿದ್ದರೆ ಬೇರೆ ಕಥೆ ಹುಡುಕಿ. ಉದಾಹರಣೆಗೆ ನನ್ನದು: ಇಮುಗಿ ಹುಡುಗ ನೂರು ದಿನ ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಸಾವಿರ ವರ್ಷ ವ್ಯರ್ಥ. ಹಳ್ಳಕ್ಕೆ ಬಿದ್ದ ಹುಡುಗಿಯನ್ನು ಎತ್ತಬೇಕಾದರೆ ಕಣ್ಣಿಗೆ ಬೀಳಲೇಬೇಕು. ಇಷ್ಟು ಸಿಕ್ಕಿದ ಮೇಲೆ ಮೊದಲ ಅಧ್ಯಾಯ ಒಂದೇ ರಾತ್ರಿಗೆ ಮುಗಿಯಿತು.

ಮೂರನೆಯ ಹೆಜ್ಜೆ: ಜಾಚೊಂಗ್‌ಬಿಯ ಹತ್ತಿರ ಕಲಿಯಿರಿ

ಬರೆಯುವ ಮೊದಲು ಒಂದು ಕಥೆಯನ್ನು ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು. ನಾನು ಜೇಜು ದ್ವೀಪದ ಜಾಚೊಂಗ್‌ಬಿಯ ಕಥೆ ಹೇಳುತ್ತೇನೆ. ಹದಿಹರೆಯದವರ ಫ್ಯಾಂಟಸಿ ಪ್ರೇಮಕಥೆಗೆ ಬೇಕಾದ್ದೆಲ್ಲ ಅದರಲ್ಲಿ ಆಗಲೇ ಇದೆ.

ಬಟ್ಟೆ ಒಗೆಯಲು ಹೊಳೆಗೆ ಹೋದ ಜಾಚೊಂಗ್‌ಬಿಯ ಹತ್ತಿರ ದಾರಿಹೋಕನೊಬ್ಬ ನೀರು ಕೇಳುತ್ತಾನೆ. ಅವನು ಆಕಾಶದ ಅರಸನ ಮಗ ಮುನ್, ಗುರುವಿನ ಹತ್ತಿರ ಓದಲು ಹೊರಟಿದ್ದಾನೆ. ಅವಳು ಸೋರೆಬುರುಡೆಯಲ್ಲಿ ನೀರು ತುಂಬಿ, ಮೇಲೆ ವಿಲೋ ಎಲೆ ಉದುರಿಸಿ ಕೊಡುತ್ತಾಳೆ. ಇದೇನು ಕೊಳಕು ಅಂದರೆ, ದಣಿದವನು ಗಟಗಟ ಕುಡಿದು ನೆತ್ತಿಗೇರಿಸಿಕೊಳ್ಳಬಾರದು ಅಂತ ಹಾಕಿದೆ ಅನ್ನುತ್ತಾಳೆ. ಒಂದು ಎಲೆಯಲ್ಲಿ ಅವಳು ಎಂಥವಳು ಅಂತ ಪೂರಾ ತಿಳಿದುಹೋಯಿತು. ನಾವಾದರೆ ಕಣ್ಣು, ಕೂದಲು, ತುಟಿ ಅಂತ ಎರಡು ಪುಟ ಕೆಡಿಸುತ್ತೇವೆ.

"ನನ್ನ ಹಾಗೇ ಇರುವ ತಮ್ಮ ಒಬ್ಬನಿದ್ದಾನೆ, ಅವನೂ ಓದಲು ಬರುತ್ತಾನೆ" ಎಂದು ಹೇಳಿ, ಗಂಡಿನ ಬಟ್ಟೆ ತೊಟ್ಟು ತಾನೇ ಹೊರಡುತ್ತಾಳೆ. ಮೂರು ವರ್ಷ ಒಂದೇ ಕೋಣೆ. ಅವನಿಗೆ ಅನುಮಾನ ಬರದಿರಲೆಂದು ಇಬ್ಬರ ಹಾಸಿಗೆಯ ನಡುವೆ ನೀರಿನ ಬೋಗುಣಿ ಇಟ್ಟು ಮೇಲೆ ಚಾಪ್‌ಸ್ಟಿಕ್ ಜೋಡಿಸುತ್ತಾಳೆ. ಇದು ಬಿದ್ದರೆ ವಿದ್ಯೆ ಹತ್ತುವುದಿಲ್ಲ ಅನ್ನುತ್ತಾಳೆ. ಅವನು ಬಿದ್ದೀತೆಂದು ಹೆದರಿ ನಿದ್ದೆಗೆಟ್ಟು ಓದಿನಲ್ಲಿ ಹಿಂದೆ ಬೀಳುತ್ತಾನೆ. ಇವಳು ಹಾಯಾಗಿ ಮಲಗಿ ಮೊದಲ ಸ್ಥಾನ ಪಡೆಯುತ್ತಾಳೆ! ಕೊನೆಗೆ ಹೊಳೆಯ ಮೇಲ್ಭಾಗದಲ್ಲಿ ಸ್ನಾನ ಮಾಡುತ್ತ, ಮೂರು ವರ್ಷ ಜೊತೆಗಿದ್ದೂ ಹೆಣ್ಣೋ ಗಂಡೋ ತಿಳಿಯದ ಪೆದ್ದ ಎಂದು ಎಲೆಯ ಮೇಲೆ ಬರೆದು ತೇಲಿಬಿಡುತ್ತಾಳೆ.

ಮೊದಲ ಎಲೆ ನೀರಿನ ಮೇಲೆ, ಕೊನೆಯ ಎಲೆಯೂ ನೀರಿನ ಮೇಲೆ. ಇದನ್ನು ಕಟ್ಟಿದವರು ಕಾದಂಬರಿ ತರಗತಿಗೆ ಹೋದವರಲ್ಲ.

ಮುಂದೆ ಕಥೆ ಕತ್ತಲಾಗುತ್ತದೆ. ಅವನು ಆಕಾಶಕ್ಕೆ ಮರಳುತ್ತಾನೆ. ಮನೆಯ ಆಳು ಮೈಮೇಲೆ ಬರುತ್ತಾನೆ, ಅವಳು ಅವನನ್ನು ಕೊಲ್ಲುತ್ತಾಳೆ. ಹೆತ್ತವರು ಮಗಳಿಗಿಂತ ಆಳಿನ ದುಡಿಮೆಯನ್ನು ದೊಡ್ಡದು ಮಾಡಿ ಅವಳನ್ನು ಹೊರಗಟ್ಟುತ್ತಾರೆ. ಅವಳು ಸಾವಿನಾಚೆಯ ತೋಟದಿಂದ ಜೀವ ತರುವ ಹೂ ತಂದು ಸತ್ತ ಆಳನ್ನು ಎಬ್ಬಿಸುತ್ತಾಳೆ. ಆಕಾಶದಲ್ಲಿ ಸೊಸೆಯಾಗಲು ಕೆಂಡದ ಗುಂಡಿಯ ಮೇಲೆ ಹಾಸಿದ ಕತ್ತಿಯ ಅಲಗಿನ ಮೇಲೆ ನಡೆಯುತ್ತಾಳೆ. ಕೊನೆಗೆ ಧಾನ್ಯದ ಬೀಜಗಳನ್ನು ಹೊತ್ತು ಭೂಮಿಗಿಳಿದು ಬೇಸಾಯದ ದೇವತೆಯಾಗುತ್ತಾಳೆ. ಎಣಿಸಿ ನೋಡಿದರೆ ಒಂದು ಬೀಜ ಮರೆತಿದ್ದಾಳೆ. ಮತ್ತೆ ಮೇಲೆ ಹೋಗಿ ತರುತ್ತಾಳೆ. ಅದು ಬಕ್‌ವೀಟ್, ನಮ್ಮ ಉತ್ತರದವರು ಉಪವಾಸಕ್ಕೆ ತಿನ್ನುವ ಕುಟ್ಟು. ಅದಕ್ಕೇ ಅದನ್ನು ತಡವಾಗಿ ಬಿತ್ತಿದರೂ ಉಳಿದ ಬೆಳೆಯ ಜೊತೆ ಕೊಯ್ಲಿಗೆ ಬರುತ್ತದಂತೆ.

ಇಲ್ಲಿ ಒಂದು ಎಚ್ಚರ. ಇದು ಸುಮ್ನೆ ಮಲಗುವಾಗ ಹೇಳುವ ಕಥೆಯಲ್ಲ. ಜೇಜುವಿನಲ್ಲಿ ಇಂಥವನ್ನು ಬೊನ್‌ಪುರಿ ಅನ್ನುತ್ತಾರೆ. ದೇವರ ಮೂಲವನ್ನು ಬಿಡಿಸಿ ಹೇಳುವ ಹಾಡು ಅಂತ ಅರ್ಥ. ಶಿಮ್‌ಬಾಂಗ್ ಎಂಬ ಪಾತ್ರಿಗಳು ಪೂಜೆಯಲ್ಲಿ ಹಾಡುತ್ತಾರೆ. ತುಳುನಾಡಿನವರಿಗೆ ಪಾಡ್ದನ ಅಂದರೆ ತಟ್ಟನೆ ಹೊಳೆಯುತ್ತದೆ. ನಮ್ಮ ದೈವದ ಹುಟ್ಟಿನ ಕಥೆಯನ್ನು ಯಾರೋ ದೂರದವರು ಮನಸ್ಸಿಗೆ ಬಂದ ಹಾಗೆ ತಿರುಚಿದರೆ ನಮಗೆ ಹೇಗನ್ನಿಸುತ್ತದೆ? ಅಷ್ಟೇ ಜೋಪಾನ ಇಲ್ಲೂ ಬೇಕು. ದೇವತೆಯ ಹೆಸರನ್ನೇ ಇಡುವುದಕ್ಕಿಂತ, ಕಥೆಯ ಎಲುಬು ತೆಗೆದುಕೊಂಡು ಬೇರೆ ಹುಡುಗಿಯನ್ನು ಸೃಷ್ಟಿಸುವುದು ವಾಸಿ ಅಂತ ನನ್ನ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ಕಾಲ ಗೊತ್ತು ಮಾಡಿಕೊಳ್ಳಿ

'ಒಂದಾನೊಂದು ಕಾಲದಲ್ಲಿ' ಅಂದರೆ ಸಾಲದು. ಶಿಲ್ಲಾ 935ರಲ್ಲಿ ಮುಗಿಯಿತು. ಗೊರ್ಯೊ 918ರಿಂದ 1392. ಜೊಸೊನ್ 1392ರಿಂದ 1910. ಶಿಲ್ಲಾದಲ್ಲಿ ಮೂವರು ಹೆಂಗಸರು ಸಿಂಹಾಸನ ಏರಿದ್ದರು. ಜೊಸೊನ್‌ನಲ್ಲಿ ಏಳು ವರ್ಷ ವಯಸ್ಸಾದ ಮೇಲೆ ಗಂಡು ಹೆಣ್ಣು ಒಟ್ಟಿಗೆ ಕೂರಬಾರದು ಎಂಬ ಕಟ್ಟಳೆ. ಕದ್ದು ನೋಡುವ ಪ್ರೀತಿ ಬೇಕೋ, ಕತ್ತಿ ಹಿಡಿದ ರಾಣಿ ಬೇಕೋ, ಅದರ ಮೇಲೆ ಕಾಲ ಆರಿಸಿ.

ನನ್ನ ಕಿಮ್ಚಿಯ ಕಥೆಗೆ ಬರೋಣ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ನಮ್ಮ ಬ್ಯಾಡಗಿಯ ಪೂರ್ವಜರ ಹಾಗೆ ಅದೂ ಹಡಗು ಹತ್ತಿ ಬಂದದ್ದು. ಕೊರಿಯಾಕ್ಕೆ ಮುಟ್ಟಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ ಎಂಬುದು ಸಾಮಾನ್ಯ ಅಭಿಪ್ರಾಯ. ಹಾಗಾಗಿ ಶಿಲ್ಲಾದಲ್ಲಿ ಕೆಂಪು ಕಿಮ್ಚಿ ಇಲ್ಲ. ಪ್ರೇಮಪತ್ರವೂ ಹೀಗೇ. ಕೊರಿಯಾದ ಸ್ವಂತ ಲಿಪಿ ಹಂಗುಲ್ ರೂಪುಗೊಂಡದ್ದು 1443ರಲ್ಲಿ, ಪ್ರಕಟವಾದದ್ದು 1446ರಲ್ಲಿ. ಅದಕ್ಕೆ ಮೊದಲು ಚೀನೀ ಅಕ್ಷರ, ಅದೂ ಕಲಿತವರಿಗೆ ಮಾತ್ರ. ಆಮೇಲೆ ಮನೆಯ ಹೆಂಗಸರು ಹಂಗುಲ್‌ನಲ್ಲೇ ಕಾಗದ ಬರೆಯತೊಡಗಿದರು.

ಜೊಸೊನ್ ರಾಜಧಾನಿ ಆರಿಸಿದರೆ ನಿಮಗೆ ಪುಕ್ಕಟೆ ಒಂದು ಗಡಿಯಾರ ಸಿಗುತ್ತದೆ. ಈಗಿನ ಸೋಲ್ ನಗರದಲ್ಲಿ ಆಗ ರಾತ್ರಿ ಸುಮಾರು ಹತ್ತಕ್ಕೆ ದೊಡ್ಡ ಗಂಟೆ 28 ಸಲ ಬಾರಿಸಿ ಕೋಟೆ ಬಾಗಿಲು ಹಾಕುತ್ತಿದ್ದರು. ಬೆಳಗಿನ ಜಾವ ಸುಮಾರು ನಾಲ್ಕಕ್ಕೆ 33 ಸಲ ಬಾರಿಸಿ ತೆಗೆಯುತ್ತಿದ್ದರು. 28 ಅಂದರೆ ನಕ್ಷತ್ರಗಳು, 33 ಅಂದರೆ ಬೌದ್ಧರ ಮೂವತ್ತಮೂರು ದೇವತೆಗಳ ಸ್ವರ್ಗ, ನಮ್ಮ ಇಂದ್ರನ ಲೋಕ. ನಾಯಕಿ ಕೋಟೆಯ ಹೊರಗೆ, ನಾಯಕ ಒಳಗೆ, ಇಪ್ಪತ್ತಾರನೆಯ ಗಂಟೆ ಬಿತ್ತು. ಇನ್ನೇನು ಬೇಕು?

ಪಾತಾಳಲೋಕ ಬೇಕಿದ್ದರೆ ನಮಗೆ ಸಲೀಸು. ಅಲ್ಲಿನ ಯೊಮ್‌ನಾ ನಮ್ಮ ಯಮನೇ, ಬೌದ್ಧಧರ್ಮದ ಜೊತೆ ನಡೆದು ಹೋದವನು. ಅವನ ದೂತರಿಗೆ ಸಾವಿನ ಮನೆಯಲ್ಲಿ ಮೂರು ಬಟ್ಟಲು ಅನ್ನ, ಮೂರು ಜೊತೆ ಚಪ್ಪಲಿ ಇಡುವ ಪದ್ಧತಿ ಇತ್ತು. ದಾರಿ ದೂರ, ಹೋಗುವವನನ್ನು ನೋಯಿಸದೆ ಕರೆದೊಯ್ಯಲಿ ಅಂತ.

ನಗಿಸುವ ಜೊತೆಗಾರ ಬೇಕಿದ್ದರೆ ದೊಕ್ಕೆಬಿ ಇದ್ದಾನೆ. ಅವನು ಸತ್ತವರ ದೆವ್ವ ಅಲ್ಲ. ಸವೆದ ಪೊರಕೆಯಂಥ ಹಳೆಯ ಸಾಮಾನಿನಿಂದ ಹುಟ್ಟುವವನು. ಕುಸ್ತಿಯ ಹುಚ್ಚ. ರಾತ್ರಿ ಸೋಲಿಸಿ ಮರಕ್ಕೆ ಕಟ್ಟಿದರೆ ಬೆಳಗ್ಗೆ ಅಲ್ಲಿ ಪೊರಕೆ ಇರುತ್ತದೆ. ತಲೆಗೆ ಕೊಂಬು ಮಾತ್ರ ಇಡಬೇಡಿ. ಅದು ಜಪಾನಿನ ರಾಕ್ಷಸನ ಕೊಂಬು ಎಂದು ಅಲ್ಲಿ ಅನೇಕರ ತಕರಾರಿದೆ.

ಐದನೆಯ ಹೆಜ್ಜೆ: ನೀವು, ನೀನು

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಅದೃಷ್ಟ. ಕೊರಿಯನ್ ಭಾಷೆಯಲ್ಲಿ ಮರ್ಯಾದೆಯ ಮಾತು ಬೇರೆ, ಸಲಿಗೆಯ ಮಾತು ಬೇರೆ, ಕ್ರಿಯಾಪದವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೆ ಒದ್ದಾಡುತ್ತಾರೆ. ನಮಗೆ 'ಬನ್ನಿ', 'ಬಾ' ಇದೆ. ಇಡೀ ಪುಸ್ತಕದಲ್ಲಿ 'ನೀವು' ಅಂದವಳು ಒಂದೇ ಒಂದು ಸಲ 'ನೀನು' ಅನ್ನಲಿ. ಮುತ್ತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಅಧ್ಯಾಯದಲ್ಲೇ ಏಕವಚನಕ್ಕೆ ಇಳಿದು ಈ ಗಂಟನ್ನು ಖರ್ಚು ಮಾಡಬೇಡಿ.

ಕೆ-ಡ್ರಾಮಾ ಹುಡುಗಿಯರು ಅಣ್ಣನನ್ನೂ ಪ್ರಿಯಕರನನ್ನೂ ಕರೆಯುವ 'ಒಪ್ಪಾ' ಪದವನ್ನು ಜೊಸೊನ್ ಕಾಲದ ಹುಡುಗಿಯ ಬಾಯಲ್ಲಿ ಹಾಕಬೇಡಿ. ಮನೆತನಸ್ಥ ಹುಡುಗನಿಗೆ ದೊರ್ಯೊಂಗ್, ಹುಡುಗಿಗೆ ನಾಂಗ್‌ಜಾ. ಕೊರಿಯನ್ ಪದ ಎಲ್ಲ ಸೇರಿ ಹತ್ತು ದಾಟದಿದ್ದರೆ ಚೆನ್ನ. ಅರ್ಥ ಸಂದರ್ಭದಲ್ಲೇ ತಿಳಿಯಬೇಕು. ಹೆಸರು ಬರೆಯುವಾಗ ಇಂಗ್ಲಿಷ್ ಕಾಗುಣಿತ ನಂಬಬೇಡಿ, ಉಚ್ಚಾರ ಕೇಳಿ ಬರೆಯಿರಿ. ಅವರ ಗಿಡ್ಡ 'ಒ' ನಮ್ಮ ಒಕಾರಕ್ಕೆ ಹತ್ತಿರ. ಮನೆತನದ ಹೆಸರು ಮೊದಲು, ಕೊಟ್ಟ ಹೆಸರು ಆಮೇಲೆ.

ಆರನೆಯ ಹೆಜ್ಜೆ: ಹಳೆಯ ಕಥೆಯ ಮುಳ್ಳು

ಸೌದೆ ಕಡಿಯುವವನು ಮತ್ತು ಅಪ್ಸರೆಯ ಕಥೆ ಕೊರಿಯಾದ ಮಕ್ಕಳಿಗೆಲ್ಲ ಗೊತ್ತು. ಅವನು ಜಿಂಕೆಯನ್ನು ಬೇಟೆಗಾರನಿಂದ ಉಳಿಸುತ್ತಾನೆ. ಜಿಂಕೆ ಉಪಾಯ ಹೇಳುತ್ತದೆ: ಕೊಳದಲ್ಲಿ ಅಪ್ಸರೆಯರು ಮೀಯುವಾಗ ಒಬ್ಬಳ ಹಾರುವ ಬಟ್ಟೆ ಬಚ್ಚಿಡು, ಇಷ್ಟು ಮಕ್ಕಳಾಗುವವರೆಗೆ ಕೊಡಬೇಡ. ಅವನು ಒಂದು ಮಗು ಮೊದಲೇ ಕರಗಿ ಕೊಟ್ಟುಬಿಡುತ್ತಾನೆ, ಅವಳು ಮಕ್ಕಳನ್ನು ಎತ್ತಿಕೊಂಡು ಹಾರಿಹೋಗುತ್ತಾಳೆ.

ಇದನ್ನು ಪ್ರೇಮಕಥೆ ಅಂತ ಹಾಗೇ ಬರೆದರೆ ಇವತ್ತಿನ ಹುಡುಗಿಯರು ಪುಸ್ತಕ ಎಸೆಯುತ್ತಾರೆ, ಎಸೆಯಬೇಕು ಕೂಡ. ಬಟ್ಟೆ ಕದ್ದವನು ಕಳ್ಳ. ಆದರೆ ಕಥೆ ಬಿಡಬೇಕಾಗಿಲ್ಲ, ಹೇಳುವವರನ್ನು ಬದಲಿಸಿ. ಬಟ್ಟೆ ಎಲ್ಲಿದೆ ಅಂತ ಅವಳಿಗೆ ಮೊದಲ ದಿನವೇ ಗೊತ್ತಿತ್ತು ಅಂದುಕೊಳ್ಳಿ. ಗೊತ್ತಿದ್ದೂ ಏಕೆ ಉಳಿದಳು? ಅಥವಾ ಕದ್ದವನು ಬೇರೆ, ಹುಡುಕಿ ತಂದುಕೊಟ್ಟವನು ಬೇರೆ.

ವಯಸ್ಸಿನ ಲೆಕ್ಕವೂ ಒಂದು ಮುಳ್ಳು. ಹಳೆಯ ಕೊರಿಯನ್ ಎಣಿಕೆಯಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಪ್ರತಿ ಹೊಸವರ್ಷಕ್ಕೆ ಇನ್ನೊಂದು. 2023ರ ಜೂನ್‌ನಲ್ಲಿ ಸರ್ಕಾರಿ ವ್ಯವಹಾರಕ್ಕೆ ಅದನ್ನು ಕೈಬಿಟ್ಟರು. ಕಥೆಯಲ್ಲಿ ಹದಿನಾರು ಅಂದರೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕೋ ಹದಿನೈದೋ. ನೀವು ಹದಿನೆಂಟು ದಾಟಿಸಿ ಬರೆಯಿರಿ. ಕಥೆಗೇನೂ ನಷ್ಟವಿಲ್ಲ.

ಏಳನೆಯ ಹೆಜ್ಜೆ: ಕೊನೆ ಮೊದಲೇ ಗೊತ್ತಿರಲಿ

ಆ ಸೌದೆಯವನ ಕೊನೆ ಏನಾಯಿತು ಗೊತ್ತಾ? ಹೇಗೋ ಆಕಾಶ ಸೇರುತ್ತಾನೆ. ತಾಯಿಯನ್ನು ನೋಡಲು ಹಾರುವ ಕುದುರೆ ಹತ್ತಿ ಬರುತ್ತಾನೆ. ಷರತ್ತು, ನೆಲಕ್ಕೆ ಕಾಲಿಡಬಾರದು. ತಾಯಿ ಪ್ರೀತಿಯಿಂದ ಬಿಸಿ ಗಂಜಿ ಕೊಡುತ್ತಾಳೆ. ಅದು ಕುದುರೆಯ ಬೆನ್ನಿನ ಮೇಲೆ ಚೆಲ್ಲುತ್ತದೆ, ಕುದುರೆ ಕೊಡವಿ ಹಾರಿಹೋಗುತ್ತದೆ. ಅವನು ಸತ್ತು ಹುಂಜವಾಗಿ ಈಗಲೂ ಆಕಾಶ ನೋಡಿ ಕೂಗುತ್ತಾನೆ. ಗಂಜಿ ಕೊಟ್ಟ ತಾಯಿಯದ್ದು ತಪ್ಪೇ? ಅಲ್ಲಿನ ಕೆಲವು ಕಥೆಗಳು ಷರತ್ತನ್ನು ಹೀಗೆ ಮುರಿಯುತ್ತವೆ, ಖಳನಾಯಕನಿಂದಲ್ಲ, ಅಕ್ಕರೆಯಿಂದ. ನಿಮ್ಮ ಕಾದಂಬರಿಯಲ್ಲೂ ಷರತ್ತು ಮುರಿಯುವವರು ನಾಯಕಿಯನ್ನು ತುಂಬ ಪ್ರೀತಿಸುವವರೇ ಆಗಿರಲಿ.

ಪೂರ್ತಿ ಸುಖಾಂತ, ಪೂರ್ತಿ ದುರಂತ ಎರಡರ ನಡುವೆ ಅವರಿಗೊಂದು ಜಾಗ ಇದೆ. ದನ ಕಾಯುವ ಗ್ಯೊನು, ನೇಯುವ ಜಿಂಗ್‌ನ್ಯೊ ಎಂಬ ನಕ್ಷತ್ರಗಳು ವರ್ಷಕ್ಕೆ ಒಂದೇ ರಾತ್ರಿ ಸೇರುತ್ತವೆ, ಚಾಂದ್ರಮಾನದ ಏಳನೆಯ ತಿಂಗಳ ಏಳರಂದು. ಕಾಗೆಗಳೂ ಮ್ಯಾಗ್‌ಪೈ ಹಕ್ಕಿಗಳೂ ಸೇತುವೆಯಾಗುತ್ತವೆ. ಅವತ್ತು ಬರುವ ಮಳೆ ಅವರ ಕಣ್ಣೀರು. ಕಥೆ ಚೀನಾದಿಂದ ಬಂದದ್ದಾದರೂ 408ರ ಹೊತ್ತಿನ, ಕೊಗುರ್ಯೊ ಎಂಬ ಹಳೆಯ ಕೊರಿಯನ್ ರಾಜ್ಯದ ಸಮಾಧಿಯೊಂದರ ಗೋಡೆಯಲ್ಲಿ ಇಬ್ಬರೂ ನಿಂತಿದ್ದಾರೆ. ನಡುವೆ ಆಕಾಶಗಂಗೆ, ಅವಳ ಹಿಂದೆ ಒಂದು ನಾಯಿ.

ಈಗ ಬರೆಯಲು ಕೂರಿ. ಮೊದಲ ಅಧ್ಯಾಯ ಬೇಡ, ಷರತ್ತು ಮುರಿಯುವ ದೃಶ್ಯವನ್ನೇ ಮೊದಲು ಬರೆಯಿರಿ, ಮುನ್ನೂರು ಪದ ಸಾಕು. ಬರೆದದ್ದನ್ನು ಕೆ-ಡ್ರಾಮಾ ಅರೆದು ಕುಡಿದ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ನನ್ನ ಇಮುಗಿಯನ್ನು ಅಕ್ಕನ ಮಗಳು ಎರಡನೆಯ ಸಲ ಓದಿದಾಗ ಜಪಾನಿನ ಸುದ್ದಿ ಎತ್ತಲಿಲ್ಲ. "ಹಾವು ಅಂತ ಕೂಗಿದ್ದು ಅವಳ ಅಜ್ಜೀನಾ?" ಅಂತ ಮಾತ್ರ ಕೇಳಿದಳು.